ಈ ರಜೆಯಲ್ಲಿ ಒಂದು ಕೆಲಸ ಪೂರ್ತಿ ಅವರದ್ದಾಗಲಿ

ಪ್ರೀತಿಯ ಪೋಷಕರೇ,

ನಮಸ್ಕಾರ. ಪರೀಕ್ಷೆ ಮುಗಿಯಿತು, ಬೇಸಿಗೆ ರಜೆ ಬಂತು. ಮಕ್ಕಳನ್ನು ಯಾವ ಶಿಬಿರಕ್ಕೆ ಸೇರಿಸಬೇಕು, ಮುಂದಿನ ವರ್ಷದ ಪಾಠ ಈಗಲೇ ಶುರು ಮಾಡಿಸಬೇಕಾ ಅಂತ ನಿಮ್ಮಲ್ಲಿ ಅನೇಕರು ಕೇಳುತ್ತಿದ್ದೀರಿ. ಶಿಬಿರ ಒಳ್ಳೆಯದೇ. ಆದರೆ ಹರೆಯಕ್ಕೆ ಕಾಲಿಡುತ್ತಿರುವ ಮಕ್ಕಳಿಗೆ ಅದಕ್ಕಿಂತ ಜಾಸ್ತಿ ಬೇಕಾದದ್ದು ಇನ್ನೊಂದಿದೆ. ಮನೆಯ ಯಾವುದಾದರೂ ಒಂದು ಕೆಲಸ ಪೂರ್ತಿಯಾಗಿ ಅವರ ಕೈಗೆ ಹೋಗಬೇಕು.

ವಾರದ ಸಾಮಾನು ತರುವುದನ್ನೇ ತೆಗೆದುಕೊಳ್ಳಿ. ಚೀಲ ಹಿಡಿದು ನಿಮ್ಮ ಹಿಂದೆ ಬಂದರೆ ಸಾಲದು. ಡಬ್ಬಗಳನ್ನು ತೆರೆದು ಏನು ಖಾಲಿಯಾಗಿದೆ ಅಂತ ಅವರೇ ನೋಡಲಿ. ಪಟ್ಟಿ ಬರೆಯಲಿ. ಕೊಟ್ಟ ದುಡ್ಡಿಗೆ ಎಷ್ಟು ಬರುತ್ತದೆ ಅಂತ ಕೂಡಿ ಕಳೆಯಲಿ. ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಲಿ, ಚಿಲ್ಲರೆ ಎಣಿಸಿಕೊಂಡು ಬರಲಿ. ಏನೋ ಒಂದು ಮರೆತು ಬಂದರೆ ನೀವು ಓಡಿಹೋಗಿ ತರಬೇಡಿ. ಆ ದಿನ ಅದಿಲ್ಲದೆಯೇ ನಡೆಯಲಿ. ಮುಂದಿನ ವಾರದ ಪಟ್ಟಿಯಲ್ಲಿ ಅದು ಎಲ್ಲಕ್ಕಿಂತ ಮೇಲಿರುತ್ತದೆ, ನೋಡಿ.

ಸುಮ್ನೆ ನೋಡುತ್ತಾ ಕೂರುವುದು ಕಷ್ಟ, ಅಲ್ವಾ? "ಕೊಡು ಇಲ್ಲಿ, ನಾನೇ ಮಾಡ್ತೀನಿ" ಅನ್ನುವ ಮಾತು ನಾಲಿಗೆ ತುದಿಯಲ್ಲೇ ಇರುತ್ತದೆ. ಈ ರಜೆಯಲ್ಲಾದರೂ ಅದನ್ನು ನುಂಗಿಕೊಳ್ಳಿ. ಶಾಲೆಯ ದಿನಗಳಲ್ಲಿ ಬೆಲ್ಲು, ಟೈಮ್‌ಟೇಬಲ್, ಹೋಮ್‌ವರ್ಕ್ ಅಂತ ಮಕ್ಕಳ ಪ್ರತಿ ಗಂಟೆಯನ್ನೂ ದೊಡ್ಡವರೇ ತೀರ್ಮಾನಿಸುತ್ತೇವೆ. ತಪ್ಪು ಮಾಡಿ, ನಿಧಾನವಾಗಿ ತಿದ್ದಿಕೊಳ್ಳುವಷ್ಟು ಬಿಡುವು ಅವರಿಗೆ ಸಿಗುವುದು ಬೇಸಿಗೆಯಲ್ಲಿ ಮಾತ್ರ.

ಹಾಗಂತ ಎಲ್ಲವನ್ನೂ ಬಿಟ್ಟುಕೊಡಬೇಕಿಲ್ಲ. ಮುಂದಾಲೋಚನೆ ಮಾಡುವ, ಆತುರವನ್ನು ತಡೆಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ನೇ ವಯಸ್ಸಿನ ಹೊತ್ತಿಗೆ. ಗೆಳೆಯರು ಜೊತೆಗಿದ್ದರಂತೂ ಹುಮ್ಮಸ್ಸು ಹೆಚ್ಚು. ಆದ್ದರಿಂದ ನೀರು ಮತ್ತು ವಾಹನ, ಈ ಎರಡರಲ್ಲಿ ರಿಯಾಯಿತಿ ಬೇಡವೇ ಬೇಡ. ದೊಡ್ಡವರಿಲ್ಲದೆ ಈಜಲು ಹೋಗಬಾರದು. ಲೈಸೆನ್ಸ್ ಇಲ್ಲದೆ ಗಾಡಿಯ ಕೀ ಮುಟ್ಟಬಾರದು.

ಬೆಳಗ್ಗೆ ತಡವಾಗಿ ಏಳುತ್ತಾರೆ ಅನ್ನುವುದು ಹೆಚ್ಚಿನ ಮನೆಗಳ ದೂರು. ಅದೆಲ್ಲ ಸೋಮಾರಿತನವಲ್ಲ. ಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಅನ್ನುವ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಮಲಗುವಾಗ ಫೋನ್ ಬೇರೆ ಕೋಣೆಯಲ್ಲಿರಲಿ. ಅಷ್ಟು ಮಾಡಿ, ಬೆಳಗ್ಗೆ ಸ್ವಲ್ಪ ಹೊತ್ತು ಮಲಗಲು ಬಿಡಿ.

ಇನ್ನೊಂದು ಮಾತು ಮನಸ್ಸಿನಿಂದ ಹೇಳುತ್ತಿದ್ದೇನೆ. ಈ ವಯಸ್ಸಿನಲ್ಲಿ ಹುಡುಗರ ದನಿ ಒಡೆಯುತ್ತದೆ, ಮುಖದಲ್ಲಿ ಮೊಡವೆ ಏಳುತ್ತವೆ, ಮೈ ಬದಲಾಗುತ್ತದೆ. ನೆಂಟರ ಮುಂದೆ ಅದನ್ನು ತಮಾಷೆ ಮಾಡಬೇಡಿ, ಬೇರೆಯವರಿಗೂ ಮಾಡಲು ಬಿಡಬೇಡಿ. ನಾವು ಮರೆತರೂ ಅವರು ಮರೆಯುವುದಿಲ್ಲ. ಹೆಣ್ಣುಮಕ್ಕಳಿಗೆ ಮುಟ್ಟಿನ ಬಗ್ಗೆ ಇನ್ನೂ ಹೇಳಿಲ್ಲದಿದ್ದರೆ, ಬಿಡುವಾಗಿರುವ ಈ ದಿನಗಳಲ್ಲೇ ಹೇಳಿ. ಗಂಡುಮಕ್ಕಳಿಗೂ ತಿಳಿದಿರಲಿ.

ಯೂನಿಫಾರ್ಮ್, ಶೂ ಈಗಲೇ ಕೊಳ್ಳಬೇಡಿ. ಬೆಳವಣಿಗೆ ಜೋರಾದಾಗ ಮೊದಲು ಉದ್ದವಾಗುವುದು ಪಾದವೇ. ಶಾಲೆ ತೆರೆಯುವ ಹಿಂದಿನ ವಾರ ಅಳತೆ ಕೊಟ್ಟರೆ ಸಾಕು. ಮೊದಲ ದಿನಗಳಲ್ಲಿ ಬಟ್ಟೆ ಸಿದ್ಧವಾಗದಿದ್ದರೆ ಹಳೆಯದನ್ನೇ ಹಾಕಿ ಕಳಿಸಿ, ಯಾರೂ ಕೇಳುವುದಿಲ್ಲ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ