ಆ ‘3’ ಯಾವ ಅಳತೆ? ಬೆಳಗಾವಿ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರ.

ಸಾಹೇಬರೇ, ನಾನು ಉದ್ಯಮಬಾಗದಲ್ಲಿ ಒಂದು ಸಣ್ಣ ಮಶಿನ್ ಶಾಪ್ ಇಟ್ಟುಕೊಂಡವನು. ಎರಡು ಸಿಎನ್‌ಸಿ, ಮೂರು ಹಳೆ ಲೇಥ್, ಒಂದು ಗ್ರೈಂಡಿಂಗ್ ಮಶಿನ್, ಏಳು ಜನ ಹುಡುಗರು. ಹೈಡ್ರಾಲಿಕ್ ವಾಲ್ವಿಗೆ ಬೇಕಾಗುವ ಸ್ಪೂಲ್ ಮಾಡಿಕೊಡುವುದು ನಮ್ಮ ಮುಖ್ಯ ಕೆಲಸ. ರಸ್ತೆ, ಗಟಾರ, ಕರೆಂಟಿನ ಬಗ್ಗೆ ನಿಮಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಮೊಬೈಲಿನ ಚಿಪ್ಪಿಗೆ ‘3 ನ್ಯಾನೋಮೀಟರ್’ ಅಂತ ಹಚ್ಚುವ ಒಂದು ನಂಬರಿನ ಬಗ್ಗೆ. ನಗಬೇಡಿ, ಪೂರ್ತಿ ಓದಿ.

2021ರ ಮೇ ತಿಂಗಳು. ಲಾಕ್‌ಡೌನ್ ಇತ್ತು, ಕೆಲಸ ಇರಲಿಲ್ಲ. ನಮ್ಮ ಶಾಪಿನ ಟರ್ನರ್ ಫೋನ್ ಮಾಡಿ, “ಮಾಲಕರ, ಇನ್ನ ಮ್ಯಾಲೆ ಮೊಬೈಲ್ ನಾಕ್ ದಿನಕ್ಕೊಮ್ಮಿ ಚಾರ್ಜ್ ಹಾಕಿದ್ರ ಸಾಕಂತ್ರೀ” ಅಂದ. ಐಬಿಎಂ ಕಂಪನಿ 2 ನ್ಯಾನೋಮೀಟರ್ ಚಿಪ್ ಮಾಡಿದೆ ಅನ್ನುವ ಸುದ್ದಿ ಅದು. ಪೂರ್ತಿ ಸುಳ್ಳೇನಲ್ಲ. ಹಾಗಂತ ಐಬಿಎಂನವರೇ ಹೇಳಿದ್ದರು, ನಾಲ್ಕು ದಿನದ ಮಾತೂ ಅವರದೇ. ಆದರೆ ಅದು ಲ್ಯಾಬಿನಲ್ಲಿ ಮಾಡಿ ತೋರಿಸಿದ ನಮೂನೆ. ತನ್ನ ಚಿಪ್ ಕಾರ್ಖಾನೆಗಳನ್ನು ಐಬಿಎಂ 2015ರಲ್ಲೇ ಗ್ಲೋಬಲ್‌ಫೌಂಡ್ರೀಸ್ ಅನ್ನುವ ಇನ್ನೊಂದು ಚಿಪ್ ಕಂಪನಿಗೆ ದಾಟಿಸಿಬಿಟ್ಟಿತ್ತು, ಅದೂ ಮೇಲಿಂದ 150 ಕೋಟಿ ಡಾಲರ್ ತಾನೇ ಕೊಟ್ಟು! ಅಂಗಡಿಯೇ ಇಲ್ಲದವರು ತೋರಿಸಿದ ಸರಕು ನಾಳೆಯೇ ನಮ್ಮ ಕೈಗೆ ಬರುತ್ತದೆ ಅನ್ನುವ ಹಾಗೆ ಸುದ್ದಿ ಹಬ್ಬಿತು.

ಇನ್ನೊಂದು ವಿಷಯವನ್ನು ಆ ಸುದ್ದಿಗಳಲ್ಲಿ ಯಾರೂ ಕೇಳಲಿಲ್ಲ. ಬ್ಯಾಟರಿ ತಿನ್ನುವುದು ಪ್ರೊಸೆಸರ್ ಒಂದೇ ಅಲ್ಲ. ಸ್ಕ್ರೀನ್ ತಿನ್ನುತ್ತದೆ. ಟವರ್ ಹುಡುಕುವ ರೇಡಿಯೋ ತಿನ್ನುತ್ತದೆ. ಖಾನಾಪುರ ದಾಟಿ ಕಾಡಿನ ಕಡೆ ಹೋಗಿ ನೋಡಿ, ಸಿಗ್ನಲ್ ಹುಡುಕಿ ಹುಡುಕಿ ಮಧ್ಯಾಹ್ನಕ್ಕೇ ಫೋನ್ ಸುಸ್ತಾಗುತ್ತದೆ. ಒಳಗೆ ಯಾವ ಚಿಪ್ ಇದ್ದರೇನು? ನಮ್ಮ ಟರ್ನರ್ ಇವತ್ತಿಗೂ ದಿನಾ ರಾತ್ರಿ ಚಾರ್ಜ್ ಹಾಕಿಯೇ ಮಲಗುತ್ತಾನೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಅವನ ಮಗಳ ವಿಷಯ ಬಂದಿದ್ದಕ್ಕೆ ಈ ಪತ್ರ. ಹುಡುಗಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದಾಳೆ, ಚುರುಕು. ಒಂದು ಖಾಸಗಿ ತರಬೇತಿ ಸಂಸ್ಥೆ, ಹೆಸರು ಬೇಡ, ತನ್ನ ಕರಪತ್ರದಲ್ಲಿ ಪೇಪರ್ ಕಟಿಂಗ್‌ಗಳನ್ನು ಸಾಲಾಗಿ ಹಾಕಿತ್ತು. ‘ಭಾರತದಲ್ಲಿ 3 ನ್ಯಾನೋಮೀಟರ್ ಚಿಪ್’, ‘ಕರ್ನಾಟಕಕ್ಕೆ ಚಿಪ್ ಕಾರ್ಖಾನೆ’, ಹೀಗೆ. ಮೂರು ತಿಂಗಳ ಕೋರ್ಸು, 80 ಸಾವಿರ ಫೀಸು. ತಾಯಿ ಸಂಘದಿಂದ ಸಾಲ ತೆಗೆದು ಕಟ್ಟಿದಳು. ಕೋರ್ಸ್ ಮುಗಿದ ಮೇಲೆ ಸಿಕ್ಕ ಕೆಲಸ ಖಡೇಬಜಾರಿನ ಹತ್ತಿರ ಒಂದು ಮೊಬೈಲ್ ಅಂಗಡಿಯ ಕೌಂಟರಿನಲ್ಲಿ. ಗಿರಾಕಿಗಳಿಗೆ “ಇದು 4 ನ್ಯಾನೋಮೀಟರ್ ಸರ್, ಅದು 6” ಅಂತ ಹೇಳುವ ಕೆಲಸ. ಒಂದು ಭಾನುವಾರ ಮನೆಗೆ ಬಂದವಳು ಕೇಳಿದಳು: “ಕಾಕಾ, ನೀವು ದಿನಾ ಮೈಕ್ರಾನ್‌ದಾಗ ಕೆಲಸ ಮಾಡ್ತೀರಿ. ಈ 3, 4 ಅಂತಾರಲ್ಲ, ಅದು ಚಿಪ್‌ದಾಗ ಯಾವುದರ ಅಳತಿರೀ?”

ನನಗೂ ಗೊತ್ತಿರಲಿಲ್ಲ. ಹುಡುಕಿ ಓದಿದೆ. ಓದಿದ ಮೇಲೆ ಸಿಟ್ಟು ಬಂತು.

ನಮ್ಮ ಶಾಪಿಗೆ ಡ್ರಾಯಿಂಗ್ ಬರುತ್ತದೆ. 5 ಮೈಕ್ರಾನ್ ಟಾಲರೆನ್ಸ್ ಅಂತ ಬರೆದಿದ್ದರೆ ಅದು 5 ಮೈಕ್ರಾನೇ. 8 ಬಂದರೆ ಪೂರ್ತಿ ಲಾಟ್ ವಾಪಸ್, ಸಾಗಣೆ ಖರ್ಚೂ ನಮ್ಮದೇ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು, ಅಂದರೆ 1000 ನ್ಯಾನೋಮೀಟರ್. ಆದ್ದರಿಂದ 3 ನ್ಯಾನೋಮೀಟರ್ ಚಿಪ್ ಅಂದಾಗ, ಅದರೊಳಗೆ ಏನೋ ಒಂದು ನಿಜವಾಗಿ 3 ನ್ಯಾನೋಮೀಟರ್ ಇರಬೇಕು ಅಂತಲೇ ನಾನು ನಂಬಿದ್ದೆ. ಹಾಗಿಲ್ಲ. ಚಿಪ್ ಉದ್ಯಮದ್ದೇ ಆದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ‘3 ನ್ಯಾನೋಮೀಟರ್’ ಪೀಳಿಗೆಯಲ್ಲಿ ಒಂದು ಟ್ರಾನ್ಸಿಸ್ಟರಿನ (ಚಿಪ್ಪಿನೊಳಗಿನ ಪುಟ್ಟ ಸ್ವಿಚ್ಚಿನ) ಗೇಟಿನಿಂದ, ಅಂದರೆ ಆನ್-ಆಫ್ ಮಾಡುವ ಭಾಗದಿಂದ, ಪಕ್ಕದ ಗೇಟಿಗೆ ಸುಮಾರು 48 ನ್ಯಾನೋಮೀಟರ್ ದೂರ. ಅತಿ ಒತ್ತೊತ್ತಾದ ಲೋಹದ ಗೆರೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಸುಮಾರು 24. ಹಾಗಾದರೆ ಆ 3 ಎಲ್ಲಿದೆ? ಎಲ್ಲೂ ಇಲ್ಲ. 1990ರ ದಶಕದ ಕೊನೆಯವರೆಗೆ ಈ ನಂಬರಿಗೂ ಗೇಟಿನ ಉದ್ದಕ್ಕೂ ಹೆಚ್ಚು ಕಡಿಮೆ ಹೊಂದಾಣಿಕೆ ಇತ್ತು. ಆಮೇಲೆ ತಪ್ಪಿತು. ಈಗ ಅದು ಪೀಳಿಗೆಯ ಹೆಸರು, ಅಷ್ಟೇ. ನಮ್ಮ ಕಡೆ ದೊಡ್ಡಮನಿ ಅಂತ ಅಡ್ಡಹೆಸರು ಇರುತ್ತದಲ್ಲ, ಅಂಥವರ ಮನೆ ದೊಡ್ಡದೇ ಇರಬೇಕಂತ ಯಾರಾದರೂ ಟೇಪ್ ಹಿಡಿದು ಅಳೆಯಲು ಹೋಗುತ್ತಾರಾ? ಇದೂ ಹಾಗೇ.

ಹೆಸರು ಇಟ್ಟುಕೊಳ್ಳಲಿ, ಬೇಡ ಅನ್ನುವುದಿಲ್ಲ. 2021ರ ಜುಲೈನಲ್ಲಿ ಇಂಟೆಲ್ ತನ್ನ 10 ನ್ಯಾನೋಮೀಟರ್ ಸಾಲಿನ ಸುಧಾರಿತ ರೂಪಕ್ಕೆ ‘ಇಂಟೆಲ್ 7’ ಅಂತ ಹೊಸ ಹೆಸರಿಟ್ಟಿತು, ನ್ಯಾನೋಮೀಟರ್ ಅನ್ನುವ ಮಾತನ್ನೇ ಬಿಟ್ಟಿತು. ಒಂದು ಲೆಕ್ಕದಲ್ಲಿ ಅದು ಹೆಚ್ಚು ಪ್ರಾಮಾಣಿಕ ಅನ್ನಬೇಕು. ತೊಂದರೆ ಇರುವುದು ಆ ಹೆಸರನ್ನು ಅಳತೆ ಅಂತ ನಮಗೆ ಮಾರುವುದರಲ್ಲಿ. ‘ಕೂದಲಿನ ಇಷ್ಟು ಸಾವಿರದ ಒಂದು ಪಾಲು ತೆಳ್ಳಗಿನ ಚಿಪ್’ ಅಂತ ಸುದ್ದಿ ಓದುವವರು ಹೇಳುವಾಗ ನನಗೆ ನನ್ನ ಮೈಕ್ರೋಮೀಟರ್ ನೆನಪಾಗುತ್ತದೆ.

ನಂಬರ್ ಚಿಕ್ಕದಾದರೆ ಫೋನ್ ಒಳ್ಳೆಯದು ಅನ್ನುವುದೂ ಅಷ್ಟೇ ಪೊಳ್ಳು. ಆ ಹುಡುಗಿಗೆ ನಾನು ಹೇಳಿದ ಉದಾಹರಣೆ ಇದು. ಮೊಬೈಲ್ ಚಿಪ್ ಡಿಸೈನ್ ಮಾಡುವ ಕ್ವಾಲ್‌ಕಾಂ ಕಂಪನಿಯ ಸ್ನಾಪ್‌ಡ್ರಾಗನ್ 8 ಜೆನ್ 1 ಅನ್ನುವ ಚಿಪ್ ಸ್ಯಾಮ್‌ಸಂಗ್ ಕಾರ್ಖಾನೆಯಲ್ಲಿ ‘4 ನ್ಯಾನೋಮೀಟರ್’ ಹೆಸರಿನಲ್ಲಿ ತಯಾರಾಯಿತು. ಫೋನ್ ಬಿಸಿಯಾಗುತ್ತದೆ ಅಂತ ಜನ ಗೊಣಗಿದರು. 2022ರ ಮೇನಲ್ಲಿ ಅದರ ಮುಂದಿನದು, 8 ಪ್ಲಸ್ ಜೆನ್ 1, ತೈವಾನಿನ ಟಿಎಸ್‌ಎಂಸಿ ಕಾರ್ಖಾನೆಯಿಂದ ಬಂತು. ಅದೂ ‘4 ನ್ಯಾನೋಮೀಟರೇ’. ಆದರೆ ಕರೆಂಟ್ 30 ಪ್ರತಿಶತದವರೆಗೆ ಕಡಿಮೆ ತಿನ್ನುತ್ತದೆ ಅಂತ ಕ್ವಾಲ್‌ಕಾಂ ತಾನೇ ಹೇಳಿತು. ಅದೇ 4, ಅದೇ ಕಂಪನಿಯ ಚಿಪ್, ಫೌಂಡ್ರಿ ಮಾತ್ರ ಬೇರೆ. ಇನ್ನೂ ಹಿಂದೆ, 2015ರಲ್ಲಿ, ಐಫೋನ್ 6ಎಸ್‌ನ ಎ9 ಚಿಪ್ಪನ್ನು ಸ್ಯಾಮ್‌ಸಂಗ್ 14ರಲ್ಲೂ ಟಿಎಸ್‌ಎಂಸಿ 16ರಲ್ಲೂ ಮಾಡಿದ್ದವು. ಕೆಲವು ಪರೀಕ್ಷೆಗಳಲ್ಲಿ 16ರದ್ದೇ ಹೆಚ್ಚು ಹೊತ್ತು ಬಾಳಿತು. ನಿಜ ಬಳಕೆಯಲ್ಲಿ ಎರಡಕ್ಕೂ ವ್ಯತ್ಯಾಸ 2-3 ಪ್ರತಿಶತ ಅಂತ ಆಪಲ್ ಹೇಳಿ ಗಲಾಟೆ ತಣ್ಣಗಾಗಿಸಿತು.

ಅಂದಹಾಗೆ, ಫೌಂಡ್ರಿ ಅನ್ನುವ ಪದ ನಮ್ಮೂರಿನಲ್ಲಿ ಒಂದು ತಮಾಷೆಯನ್ನೇ ಮಾಡಿತು. ಚಿಪ್ ಮಾಡಿಕೊಡುವ ಕಾರ್ಖಾನೆಯನ್ನೂ ಫೌಂಡ್ರಿ ಅನ್ನುತ್ತಾರೆ. ಬೆಳಗಾವಿಯಲ್ಲಿ ಫೌಂಡ್ರಿ ಅಂದರೆ ಮರಳಿನ ಮೋಲ್ಡು, ಕರಗಿದ ಕಬ್ಬಿಣ. “ನಮ್ಮಲ್ಲಿ ಇಷ್ಟು ಫೌಂಡ್ರಿ ಅದಾವ, ಚಿಪ್ ಯಾಕ ಮಾಡಬಾರದು?” ಅಂತ ಒಬ್ಬರು ಚಹಾದ ಅಂಗಡಿಯಲ್ಲಿ ಗಂಭೀರವಾಗಿ ಕೇಳಿದರು. ಅವರನ್ನು ನಾನು ದೂರಲಾರೆ. ಸುದ್ದಿ ಬರೆದವರು ಬಿಡಿಸಿ ಹೇಳಿದ್ದರೆ ತಾನೇ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಿರಿಕಿರಿ ಮಾಡಿದ್ದು ಒಂದು ಚಿಕ್ಕ ಪದ. 3ಕ್ಕಿಂತ 2 ನ್ಯಾನೋಮೀಟರ್ ಎಷ್ಟು ಮೇಲು ಅಂತ ಟಿಎಸ್‌ಎಂಸಿ ಹೇಳಿದ್ದು ಹೀಗೆ: ಕರೆಂಟ್ ಅಷ್ಟೇ ಕೊಟ್ಟರೆ ವೇಗ 10ರಿಂದ 15 ಪ್ರತಿಶತ ಹೆಚ್ಚು, ಅಥವಾ ವೇಗ ಅಷ್ಟೇ ಇಟ್ಟರೆ ಕರೆಂಟ್ 25ರಿಂದ 30 ಪ್ರತಿಶತ ಕಡಿಮೆ. ‘ಅಥವಾ’. ನಾನು ಓದಿದ ಎಷ್ಟೋ ಸುದ್ದಿಗಳಲ್ಲಿ ಅದು ‘ಮತ್ತು’ ಆಗಿತ್ತು. ಲೇಥಿನಲ್ಲಿ ಸ್ಪೀಡ್ ಜಾಸ್ತಿ ಮಾಡಿದರೆ ಟೂಲ್ ಬೇಗ ಸವೆಯುತ್ತದೆ, ಸ್ಪೀಡ್ ಇಳಿಸಿದರೆ ಟೂಲ್ ಬಾಳುತ್ತದೆ. ಎರಡೂ ಲಾಭ ಒಟ್ಟಿಗೆ ಬೇಕು ಅಂದರೆ ನಮ್ಮ ಹುಡುಗರೇ ನಗುತ್ತಾರೆ. ಪೇಪರಿನಲ್ಲಿ ಮಾತ್ರ ಅದು ಸಲೀಸು.

ಅಮೆರಿಕ ನಿರ್ಬಂಧ ಹಾಕಿದ್ದ ಚೀನಾದ ಹುವಾವೇ ಕಂಪನಿಯ ಕಥೆಯನ್ನು ಬೇಗ ಮುಗಿಸುತ್ತೇನೆ. 2023ರ ಆಗಸ್ಟ್ ಕೊನೆಗೆ ಮೇಟ್ 60 ಪ್ರೊ ಫೋನ್ ಬಂತು, ಒಳಗೆ ಚೀನಾದ ಎಸ್‌ಎಂಐಸಿ ಮಾಡಿದ 7 ನ್ಯಾನೋಮೀಟರ್ ಚಿಪ್. ‘ಅಸಾಧ್ಯ’ ಅಂತ ಕೆಲವರು, ‘ಅಮೆರಿಕ ಸೋತಿತು’ ಅಂತ ಕೆಲವರು. ಅಸಾಧ್ಯ ಹೇಗೆ? ಚಿಪ್ ಮೇಲೆ ಬೆಳಕಿನಿಂದ ಗೆರೆ ಮುದ್ರಿಸುವ, ಚೀನಾಕ್ಕೆ ಸಿಗದ 13.5 ನ್ಯಾನೋಮೀಟರ್ ತರಂಗದ ಯಂತ್ರ ಇಲ್ಲದೆಯೇ, ಹಳೆಯ 193ರ ಬೆಳಕಿನಲ್ಲೇ, ಒಂದೇ ಪದರವನ್ನು ಹಲವು ಸಲ ಮುದ್ರಿಸಿ ಟಿಎಸ್‌ಎಂಸಿ 2018ರಲ್ಲೇ 7 ಮಾಡಿತ್ತು. ಎಸ್‌ಎಂಐಸಿಯ 7 ಕೂಡ 2022ರಲ್ಲೇ ಬಿಟ್‌ಕಾಯಿನ್ ಯಂತ್ರವೊಂದರೊಳಗೆ ಪತ್ತೆಯಾಗಿತ್ತು. ಸೋಲೂ ಅಲ್ಲ, 2022ರ ಡಿಸೆಂಬರ್‌ನಲ್ಲೇ ಟಿಎಸ್‌ಎಂಸಿ 3ರ ದೊಡ್ಡ ಪ್ರಮಾಣದ ತಯಾರಿ ಶುರು ಮಾಡಿತ್ತು.

ಹೊರದೇಶದ ಸುದ್ದಿ ತಪ್ಪಾದರೆ ಹರಟೆಗೆ ವಸ್ತು. ನಮ್ಮ ದೇಶದ್ದು ತಪ್ಪಾದರೆ ಸಂಘದ ಸಾಲ ಆಗುತ್ತದೆ. ಅದಕ್ಕೇ ನಿಮಗೆ ಬರೆಯುವುದು.

2025ರ ಮೇನಲ್ಲಿ ಕೇಂದ್ರ ಸಚಿವರು ನೋಯ್ಡಾ ಮತ್ತು ಬೆಂಗಳೂರಿನಲ್ಲಿ ಜಪಾನಿನ ಚಿಪ್ ಕಂಪನಿ ರೆನೆಸಾಸ್‌ನ ಎರಡು ಕೇಂದ್ರ ಉದ್ಘಾಟಿಸಿದರು. ಅಲ್ಲಿ ನಡೆಯುವುದು 3 ನ್ಯಾನೋಮೀಟರ್ ಚಿಪ್‌ನ ಡಿಸೈನ್. ನನ್ನ ಫೋನಿಗೆ ಬಂದ ಫಾರ್ವರ್ಡ್ ಹೇಳಿದ್ದು ‘ಭಾರತದಲ್ಲಿ 3 ನ್ಯಾನೋಮೀಟರ್ ಚಿಪ್ ತಯಾರಿ’. ಸಾಹೇಬರೇ, ಡ್ರಾಯಿಂಗ್ ತೆಗೆಯುವುದು ಬೇರೆ, ಜಾಬ್ ಮಾಡುವುದು ಬೇರೆ. ಡ್ರಾಯಿಂಗ್ ಸಣ್ಣ ಕೆಲಸ ಅಂತ ನಾನು ಅನ್ನುತ್ತಿಲ್ಲ. ಬೆಂಗಳೂರಿನ ಹುಡುಗ ಹುಡುಗಿಯರು ಜಗತ್ತಿನ ಚಿಪ್‌ಗಳನ್ನು ಡಿಸೈನ್ ಮಾಡುತ್ತಾರೆ, ಹೆಮ್ಮೆ ಪಡಬೇಕು. ಆದರೆ ಡ್ರಾಯಿಂಗ್ ತೋರಿಸಿ ಜಾಬ್ ರೆಡಿ ಅಂದರೆ ನಮ್ಮ ಉದ್ಯಮಬಾಗದಲ್ಲಿ ಪೇಮೆಂಟ್ ಆಗುವುದಿಲ್ಲ.

ಅದೇ ವರ್ಷ ಸೆಪ್ಟೆಂಬರ್ 2ರಂದು ಪ್ರಧಾನಿಯವರ ಕೈಗೆ ‘ವಿಕ್ರಂ 3201’ ಕೊಟ್ಟರು. ಇಸ್ರೋದವರು ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿ ಜೊತೆ ಸೇರಿ ಮಾಡಿದ್ದು. ಅದು 180 ನ್ಯಾನೋಮೀಟರ್ ಚಿಪ್, ರಾಕೆಟ್ಟಿಗೆ ಅಂತ ಮಾಡಿದ್ದು. ಮೈನಸ್ 55ರಿಂದ 125 ಡಿಗ್ರಿವರೆಗೆ ತಾಳಬೇಕು. ಆ ಕೆಲಸಕ್ಕೆ ಅದೇ ಸರಿ, ಅಲ್ಲಿ ಚಿಕ್ಕ ನಂಬರಿನ ಹಂಗಿಲ್ಲ. ಇಷ್ಟು ಒಳ್ಳೆಯ ಸುದ್ದಿಯನ್ನು ‘ಇನ್ನು ಮೊಬೈಲ್‌ಗೆ ನಮ್ಮದೇ ಚಿಪ್’ ಅಂತ ತಿರುಚಿದ ವಿಡಿಯೋ ನಮ್ಮ ಓಣಿಯ ಗ್ರೂಪಿನಲ್ಲೇ ಓಡಾಡಿತು.

ಗುಜರಾತಿನ ಧೊಲೇರಾದಲ್ಲಿ ಟಾಟಾದವರ 91,000 ಕೋಟಿಯ ಕಾರ್ಖಾನೆಗೆ 2024ರ ಫೆಬ್ರವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಗುರಿ 28ರಿಂದ 110 ನ್ಯಾನೋಮೀಟರ್. ಕಾರಿಗೆ, ಟಿವಿ ಪರದೆಗೆ, ಪವರ್ ಸಂಭಾಳಿಸಲು ಇಂಥ ಚಿಪ್‌ಗಳು ಬೇಕೇ ಬೇಕು. ಹೊಸ ಫೋನಿನ ಮುಖ್ಯ ಪ್ರೊಸೆಸರ್ ಅದರಲ್ಲಿ ಆಗುವುದಿಲ್ಲ. ಅಸ್ಸಾಂನ ಜಾಗಿರೋಡ್‌ನದ್ದು ಪ್ಯಾಕಿಂಗ್ ಮತ್ತು ಟೆಸ್ಟಿಂಗ್. ದೇವನಹಳ್ಳಿ ಹತ್ತಿರ ಫಾಕ್ಸ್‌ಕಾನ್ ಮಾಡುವುದು ಐಫೋನ್ ಜೋಡಣೆ, ಒಳಗಿನ ಮುಖ್ಯ ಚಿಪ್ ಟಿಎಸ್‌ಎಂಸಿಯದು. ಡಿಸೈನ್, ಚಿಪ್ ತಯಾರಿ, ಪ್ಯಾಕಿಂಗ್, ಫೋನ್ ಜೋಡಣೆ, ನಾಲ್ಕೂ ಬೇರೆ ಬೇರೆ ಕೆಲಸ, ಬೇರೆ ಬೇರೆ ಓದು, ಬೇರೆ ಬೇರೆ ಸಂಬಳ. ಟಿವಿ ಪಟ್ಟಿಯಲ್ಲಿ ಎಲ್ಲಕ್ಕೂ ಒಂದೇ ಹೆಸರು: ‘ಚಿಪ್ ಕ್ರಾಂತಿ’.

ಮೈಸೂರಿನದನ್ನೂ ನೆನಪಿಸಬೇಕು. 2022ರ ಮೇನಲ್ಲಿ ಐಎಸ್‌ಎಂಸಿ ಅನ್ನುವ ಕಂಪನಿ 22,900 ಕೋಟಿಯ ಚಿಪ್ ಕಾರ್ಖಾನೆಗೆ ನಮ್ಮ ರಾಜ್ಯದ ಜೊತೆ ಒಡಂಬಡಿಕೆ ಮಾಡಿಕೊಂಡಿತು. ಮುಖಪುಟದ ಸುದ್ದಿ. ಕಾರ್ಖಾನೆ ಬರಲಿಲ್ಲ. ಬರಲಿಲ್ಲ ಅನ್ನುವುದು ಮುಖಪುಟಕ್ಕೆ ಬಂದಿದ್ದು ನನಗೆ ನೆನಪಿಲ್ಲ. ಆ ಹುಡುಗಿಯ ಕರಪತ್ರದಲ್ಲಿ ಮೈಸೂರಿನ ಕಟಿಂಗ್ ಇನ್ನೂ ಇತ್ತು.

ಈಗ ನಿಮ್ಮಿಂದ ನನಗೇನು ಬೇಕು ಅನ್ನುವುದು.

ಪತ್ರಿಕೆ, ಟಿವಿಯವರಿಗೆ ಹೀಗೇ ಬರೆಯಿರಿ ಅಂತ ನೀವು ಹೇಳಲು ಬರುವುದಿಲ್ಲ. ಬರಬಾರದು ಕೂಡ, ಅದು ಬೇರೆ ರೋಗಕ್ಕೆ ದಾರಿ. ಆದರೆ ಈ ಸುದ್ದಿಗಳಲ್ಲಿ ಬಹಳಷ್ಟು ಹುಟ್ಟುವುದು ಸರ್ಕಾರದ ಪತ್ರಿಕಾ ಪ್ರಕಟಣೆಯಿಂದ. ಸಂಜೆ ಹೊತ್ತಿಗೆ ಸುದ್ದಿ ಕೊಡಬೇಕಾದ ವರದಿಗಾರ ಅದನ್ನೇ ತಿರುಗಿಸಿ ಬರೆಯುತ್ತಾನೆ. ಮೂಲದಲ್ಲೇ ‘ಡಿಸೈನ್ ಮಾತ್ರ’ ಅಂತ ದಪ್ಪ ಅಕ್ಷರದಲ್ಲಿ ಇದ್ದರೆ ತಲೆಬರಹದಲ್ಲಿ ‘ತಯಾರಿ’ ಬರೆಯಲು ಯಾರಿಗಾದರೂ ಸ್ವಲ್ಪ ಕೈ ನಡುಗುತ್ತದೆ.

ಲೋಕಸಭೆಯಲ್ಲಿ ಒಂದು ಚುಕ್ಕೆ ಗುರುತಿಲ್ಲದ ಪ್ರಶ್ನೆ ಕೇಳಿ, ಸಾಕು. ಲಿಖಿತ ಉತ್ತರ ಬರುತ್ತದೆ, ದಾಖಲೆಯಲ್ಲಿ ಉಳಿಯುತ್ತದೆ. ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯ ಚಿಪ್ ಬಗ್ಗೆ ಏನೇ ಪ್ರಕಟಿಸಿದರೂ ಅದು ಡಿಸೈನೋ, ವೇಫರ್ (ಚಿಪ್ ಮೂಡಿಸುವ ಸಿಲಿಕಾನ್ ಬಿಲ್ಲೆ) ಮೇಲಿನ ತಯಾರಿಯೋ, ಪ್ಯಾಕಿಂಗೋ, ಫೋನ್ ಜೋಡಣೆಯೋ ಅಂತ ಮೊದಲ ಸಾಲಿನಲ್ಲೇ ಹೇಳುತ್ತದೆಯೇ? ನಮೂನೆಯೋ, ಮಾರುಕಟ್ಟೆಗೆ ಬರುವ ಸರಕೋ? ಒಡಂಬಡಿಕೆ ಮುರಿದರೆ ಅದನ್ನೂ ಅಷ್ಟೇ ದೊಡ್ಡದಾಗಿ ಹೇಳುತ್ತದೆಯೇ? ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿ ಕನ್ನಡದಲ್ಲೂ ಪ್ರಕಟಣೆ ಕೊಡುತ್ತದಲ್ಲ, ಅಲ್ಲೂ ಇದೆಲ್ಲ ನಮ್ಮ ಟರ್ನರಿಗೆ ತಿಳಿಯುವ ಮಾತಿನಲ್ಲಿ ಇರುತ್ತದೆಯೇ?

ಇನ್ನೊಂದು, ಇಲ್ಲೇ ಆಗುವಂಥದ್ದು. ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ಜಿಲ್ಲಾ ಸಮಿತಿಯ ದಿಶಾ ಸಭೆಯಲ್ಲಿ ಕೂತಾಗ ಕೌಶಲ್ಯಾಭಿವೃದ್ಧಿ ಅಧಿಕಾರಿಗಳನ್ನು ಒಂದು ಮಾತು ಕೇಳಿ. ಜಿಲ್ಲೆಯಲ್ಲಿ ಚಿಪ್ ಹೆಸರು ಹೇಳಿ ಫೀಸು ತೆಗೆದುಕೊಳ್ಳುವ ಕೋರ್ಸುಗಳು ಎಷ್ಟು, ಅದರಲ್ಲಿ ಯಾವುದಕ್ಕೆ ಮಾನ್ಯತೆ ಇದೆ. ವಿಟಿಯು ನಮ್ಮೂರಿನಲ್ಲೇ ಇದೆ. ಅಲ್ಲಿಯ ಎಲೆಕ್ಟ್ರಾನಿಕ್ಸ್ ಮೇಷ್ಟ್ರುಗಳನ್ನು ಕರೆಸಿ, ಡಿಪ್ಲೊಮಾ ಮುಗಿಸಿದ ಮಕ್ಕಳಿಗೂ ಅವರ ಅಪ್ಪ ಅಮ್ಮನಿಗೂ ಕೂಡಿಸಿ ಅರ್ಧ ದಿನ ಮಾತಾಡಿಸಿದರೆ ಖರ್ಚೆಷ್ಟು? ಚಹಾ, ಉಪ್ಪಿಟ್ಟಿನ ಖರ್ಚು ಬೇಕಾದರೆ ನಮ್ಮ ಶಾಪಿನದು.

ಸಚಿವಾಲಯದ ಉತ್ತರ ಬಂದರೆ ಒಂದು ಪ್ರತಿ ನನಗೂ ಕಳಿಸಿ. ಶಾಪಿನ ಬೋರ್ಡಿನ ಮೇಲೆ ಡ್ರಾಯಿಂಗುಗಳ ಪಕ್ಕ ಹಚ್ಚುತ್ತೇನೆ.

ಇಂತಿ,
ಉದ್ಯಮಬಾಗದ ಒಬ್ಬ ಜಾಬ್‌ವರ್ಕ್‌ನವ
ಬೆಳಗಾವಿ