ಆಪ್ತೋ ಅಂತ ಬಂದ ದಿನ

ಮೊನ್ನೆ ಸಂಜೆ ಫಲಿತಾಂಶ ಬಂತು. ಸ್ಪ್ಯಾನಿಷ್ ಭಾಷೆಯ ಡೆಲೆ ಪರೀಕ್ಷೆ, ಬಿ2 ಹಂತ. ಪಾಸಾದವರಿಗೆ ಅವರು ಬರೆಯುವುದು ಒಂದೇ ಪದ, ‘ಆಪ್ತೋ’. ನಾನು ಗಟ್ಟಿಯಾಗಿ ಓದಿದೆ. ಅಪ್ಪ ಬಿದ್ರಿ ಕಸುಬಿನವರು, ಲೋಹದಲ್ಲಿ ಬೆಳ್ಳಿ ತುಂಬುವ ಕೆಲಸ. ಕೈಯಲ್ಲಿದ್ದ ಉಳಿ ಕೆಳಗಿಟ್ಟು ತಲೆ ಎತ್ತಿದರು. ‘ಆಪ್ತರು ಅಂತ ಬರದಾರೇನು?’ ಅಂದರು. ಇಲ್ಲಪ್ಪಾ, ಪಾಸು ಅಂತ ಅಂದೆ. ರಾತ್ರಿ ಮಲಗಿದರೂ ಅವರ ಮಾತೇ ತಲೆಯಲ್ಲಿತ್ತು. ಈ ಒಂದು ಪದಕ್ಕೆ ಎಷ್ಟು ಮಂದಿ ಹೆಗಲು ಕೊಟ್ಟಿದ್ದಾರೆ ಅಂತ ಎಣಿಸುತ್ತಾ ಹೋದೆ. ನಿದ್ದೆ ಬರಲಿಲ್ಲ. ಎದ್ದು ಕೂತು ಇದನ್ನು ಬರೆಯುತ್ತಿದ್ದೇನೆ.

ಹೋದ ವರ್ಷ ಮಾರ್ಚ್‌ನಲ್ಲಿ, ನಾನು ಭಾಷೆ ಕಲಿಯಲು ಸ್ಪೇನಿಗೆ ಹೋಗಿದ್ದಾಗ, ಬೀದರಿನಲ್ಲಿ ಅಪ್ಪ ಆಸ್ಪತ್ರೆ ಸೇರಿ ಸಾವು ಬದುಕಿನ ನಡುವೆ ಇದ್ದದ್ದು ನಮ್ಮೂರಿನವರಾದ ನಿಮಗೆ ಗೊತ್ತು. ನೀವೇ ಓಡಾಡಿದವರು. ಅದನ್ನು ಮತ್ತೆ ಹೇಳುವುದಿಲ್ಲ. ರಕ್ತ ಕೊಟ್ಟ ನಮ್ಮ ಓಣಿಯ ಹುಡುಗರಿಗೆ, ರಾತ್ರೋರಾತ್ರಿ ದುಡ್ಡು ಹೊಂದಿಸಿದ ಕಾಕಾನಿಗೆ, ದಿನಾ ಆಸ್ಪತ್ರೆಗೆ ರೊಟ್ಟಿ ಡಬ್ಬಿ ಕಳಿಸಿದ ವೈನಿಗೆ, ಐದು ತಿಂಗಳು ರಜೆ ಕೊಟ್ಟ ಹೈದರಾಬಾದಿನ ಆಫೀಸಿನವರಿಗೆ, ಆನ್‌ಲೈನಿನಲ್ಲಿ ಅಕ್ಷರದಿಂದ ಶುರು ಮಾಡಿ ಕಲಿಸಿದ ಮೊದಲ ಮೇಡಂಗೆ ಕೈ ಮುಗಿಯುತ್ತೇನೆ. ಅಣ್ಣಾ, ನಿನಗೆ ಇಲ್ಲಿ ಬರೆಯಲ್ಲ. ಮನೆಯಲ್ಲೇ ಹೇಳುತ್ತೇನೆ.

ಗ್ರನಾಡಾ ಸ್ಪೇನಿನ ದಕ್ಷಿಣದ ಊರು. ಫೆಬ್ರುವರಿಯಲ್ಲಿ ಅಲ್ಲಿಗೆ ಹೋದಾಗ ನನ್ನ ಲೆಕ್ಕ ಸರಳವಾಗಿತ್ತು. ಬೆಳಗ್ಗೆ ಕ್ಲಾಸು, ಮಧ್ಯಾಹ್ನ ವ್ಯಾಕರಣ, ರಾತ್ರಿ ಹಳೇ ಪ್ರಶ್ನೆಪತ್ರಿಕೆ. ಭಾಷಾ ಶಾಲೆಯ ಗೋಡೆಯ ಮೇಲೆ ವಾರದ ಸಾಂಸ್ಕೃತಿಕ ಕಾರ್ಯಕ್ರಮಗಳ ಪಟ್ಟಿ ಅಂಟಿಸಿರುತ್ತಿದ್ದರು. ಸಿನಿಮಾ, ಅಡುಗೆ, ಸೆವಿಯಾನಾಸ್ ಕುಣಿತ, ಹಳೇ ಊರಿನ ಸುತ್ತಾಟ. ಇಂತೆರ್‌ಕಾಂಬಿಯೋ ಅಂತ ಒಂದಿತ್ತು. ಅರ್ಧ ಗಂಟೆ ಅವರ ಭಾಷೆ, ಅರ್ಧ ಗಂಟೆ ನಮ್ಮ ಭಾಷೆ, ಎದುರುಬದುರು ಕೂತು ಮಾತು. ನಾನು ಯಾವುದಕ್ಕೂ ಹೆಸರು ಬರೆಸಲಿಲ್ಲ. ಸಾಲ ಮಾಡಿ ಬಂದವಳು ನಾನು. ಕುಣಿಯಲು ಬಂದಿಲ್ಲ ಅಂದುಕೊಂಡಿದ್ದೆ.

ಅಲ್ಲಿನ ಸುಲ್ತಾನರ ಹಳೇ ಅರಮನೆ ಅಲ್ಹಂಬ್ರಾಕ್ಕೆ ಮಾತ್ರ ಹೋದೆ. ಅದೂ ಶಾಲೆಯ ಕಾರ್ಯಕ್ರಮ ನೋಡಿಕೊಳ್ಳುವ ಹುಡುಗಿ ಕೈ ಹಿಡಿದು ಎಳೆದುಕೊಂಡು ಹೋದದ್ದಕ್ಕೆ. ಒಳಗೆ ಗೋಡೆಯ ಮೇಲೆ ಬಣ್ಣದ ಹೆಂಚಿನ ಚೂರುಗಳು. ನೀಲಿ, ಹಸಿರು, ಬಿಳಿ. ನಕ್ಷತ್ರದೊಳಗೆ ನಕ್ಷತ್ರ. ಎಲ್ಲರೂ ಫೋಟೊ ತೆಗೆಯುತ್ತಿದ್ದರು. ನಾನು ಸುಮ್ನೆ ನಿಂತುಬಿಟ್ಟೆ. ನಮ್ಮ ಬೀದರಿನ ಗವಾನ್ ಮದರಸಾದ ಮುಂದೆ ಉಳಿದಿರುವ ಹೆಂಚು ನೆನಪಾಯಿತು. ಶಾಲೆಗೆ ಹೋಗುವಾಗ ದಿನಾ ಕಣ್ಣಿಗೆ ಬೀಳುತ್ತಿತ್ತು ಅದು. ‘ಇದು ನಮ್ಮೂರಲ್ಲೂ ಇದೆ’ ಅಂದೆ. ಎಲ್ಲಿ, ಯಾವಾಗಿನದು ಅಂತ ಕೇಳಿದರು. 1472 ಅಂದೆ. ಆಗ ಗ್ರನಾಡಾ ಇನ್ನೂ ಸುಲ್ತಾನರ ಕೈಯಲ್ಲಿತ್ತು, ಅವರು ಊರು ಬಿಟ್ಟುಕೊಟ್ಟದ್ದು 1492ರಲ್ಲಿ. ಆ ಇಪ್ಪತ್ತು ವರ್ಷದ ಲೆಕ್ಕವನ್ನು ತಡವರಿಸುತ್ತಾ ಸ್ಪ್ಯಾನಿಷಿನಲ್ಲಿ ಹೇಳಿದೆ. ಎರಡು ವಾಕ್ಯಕ್ಕಿಂತ ಜಾಸ್ತಿ ನಾನು ಮಾತಾಡಿದ್ದು ಅದೇ ಮೊದಲು.

ಮಾರನೇ ವಾರ ಆ ರಾತ್ರಿ ಬಂತು.

ನಾನಿದ್ದದ್ದು ಒಬ್ಬ ಸೆನ್ಯೋರಾ, ಅಂದರೆ ಅಮ್ಮನವರ, ಮನೆಯಲ್ಲಿ. ಎಪ್ಪತ್ತು ದಾಟಿದವರು, ಒಬ್ಬರೇ ಇದ್ದರು. ಅವರ ಹೆಸರು ಬರೆಯುತ್ತೇನೆ ಅಂದರೆ ಬೇಡ ಅಂದಿದ್ದಾರೆ. ಆದ್ದರಿಂದ ಸೆನ್ಯೋರಾ ಅಂತಲೇ ಬರೆಯುತ್ತೇನೆ. ಅವರಿಗೆ ಇಂಗ್ಲಿಷ್ ಒಂದಕ್ಷರ ಬಾರದು. ಆ ಕಡೆಯ ಜನ ಪದದ ಕೊನೆಯ ‘ಸ’ ನುಂಗುತ್ತಾರೆ. ಮೊದಲ ಎರಡು ವಾರ ಅವರ ಮಾತು ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಬೀದರಿಗೆ ಹೊಸದಾಗಿ ಬಂದ ಬೆಂಗಳೂರಿನವರಿಗೆ ನಮ್ಮ ಮಾತು ಕೇಳಿಸುತ್ತದಲ್ಲ, ಹಾಗೆ.

ರಾತ್ರಿ ಒಂಬತ್ತಕ್ಕೆ ಊಟಕ್ಕೆ ಕೂತಿದ್ದೆವು. ಅಣ್ಣನ ಫೋನು ಬಂತು. ಬೀದರಿನಲ್ಲಿ ಆಗ ಒಂದೂವರೆ. ಆ ಹೊತ್ತಿಗೆ ಮನೆಯಿಂದ ಫೋನು ಬಂದರೆ ಎತ್ತುವ ಮೊದಲೇ ಗೊತ್ತಾಗುತ್ತದೆ, ಅಲ್ವಾ? ಅಣ್ಣ ಹೇಳಿದ್ದು ಕೇಳಿದೆ. ಬೆಳಗ್ಗೆ ಎಂಟರವರೆಗೆ ಏನೂ ಹೇಳಲಾಗದು ಅಂದಿದ್ದಾರಂತೆ ಡಾಕ್ಟರು. ಫೋನು ಇಟ್ಟೆ. ಸೆನ್ಯೋರಾ ಏನಾಯಿತು ಅಂತ ಕೇಳಿದರು. ನನಗೆ ಒಂದು ಪದವೂ ಬರಲಿಲ್ಲ. ಕಲಿತದ್ದೆಲ್ಲ ಹೋಗಿಬಿಟ್ಟಿತ್ತು. ‘ಪಾದ್ರೆ’ ಅಂದೆ. ತಂದೆ. ಅಷ್ಟೇ.

ಅವರು ತಟ್ಟೆ ಎತ್ತಿದರು. ಅವರ ಮನೆಯಲ್ಲಿ ಒಂದು ದುಂಡು ಮೇಜು ಇದೆ. ನೆಲದವರೆಗೆ ಇಳಿಬಿದ್ದ ದಪ್ಪ ಬಟ್ಟೆ ಹಾಸಿರುತ್ತಾರೆ, ಒಳಗೆ ಕಾಲ ಬಳಿ ಹೀಟರ್ ಇರುತ್ತದೆ. ಹಿಂದೆ ಕೆಂಡದ ಬಟ್ಟಲು ಇಡುತ್ತಿದ್ದರಂತೆ. ನನ್ನನ್ನು ಅಲ್ಲಿ ಕೂರಿಸಿ, ಬಟ್ಟೆ ಎತ್ತಿ ನನ್ನ ಮೊಣಕಾಲ ಮೇಲೆ ಹೊದಿಸಿದರು. ಚಾಮಂತಿಯಂಥ ಒಣ ಹೂವಿನ ಕಷಾಯ ಮಾಡಿ ತಂದರು. ಎದುರು ಕೂತರು. ಟಿವಿ ಹಾಕಲಿಲ್ಲ. ಸಮಾಧಾನದ ಮಾತು ಒಂದೂ ಆಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಕೇಳಿದರು. ನಿನ್ನ ಭಾಷೆಯಲ್ಲಿ ತಂದೆಗೆ ಏನಂತಾರೆ? ‘ಅಪ್ಪ’ ಅಂದೆ. ಅವರೂ ‘ಅಪ್ಪ’ ಅಂದರು. ಆಮೇಲೆ ಹೇಳಿದರು. ಸ್ಪ್ಯಾನಿಷ್ ಬೇಡ, ನಿನ್ನ ಭಾಷೆಯಲ್ಲೇ ಹೇಳು, ನಾನು ಕೇಳುತ್ತೇನೆ.

ನಾನು ಹೇಳಿದೆ. ಕನ್ನಡದಲ್ಲೇ ಹೇಳಿದೆ. ಒಂದು ಗಂಟೆಯೋ ಮೂರು ಗಂಟೆಯೋ ಗೊತ್ತಿಲ್ಲ. ಅಪ್ಪ ಬೆಳ್ಳಿ ತಂತಿ ಬಡಿಯುವಾಗ ಬಾಯಲ್ಲಿ ಹಾಡು ಗುನುಗುವುದು. ಹೊಗೆಗೆ ಅವರ ಕೆಮ್ಮು. ಹೋಗುವ ದಿನ ಹೈದರಾಬಾದ್ ಏರ್‌ಪೋರ್ಟಿನಲ್ಲಿ ನಾನು ಹಿಂತಿರುಗಿ ನೋಡದೇ ಒಳಗೆ ಹೋದದ್ದು. ಅವರ ಕಾಲಿಗೆ ಬೀಳಬೇಕಿತ್ತು, ಗಡಿಬಿಡಿಯಲ್ಲಿ ಬೀಳಲಿಲ್ಲ. ಅದನ್ನು ಎಷ್ಟು ಸಲ ಹೇಳಿದೆನೋ. ಬೀಳಲಿಲ್ಲ, ಬೀಳಲಿಲ್ಲ ಅಂತ. ಅವರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಆದರೂ ಒಂದು ಕ್ಷಣ ಕಣ್ಣು ಬೇರೆ ಕಡೆ ಹೊರಳಿಸಲಿಲ್ಲ. ನಡುನಡುವೆ ‘ಅಪ್ಪ’ ಅನ್ನುವ ಪದ ಬಂದಾಗ ತಲೆ ಆಡಿಸುತ್ತಿದ್ದರು. ಅದೊಂದು ಪದ ಅವರಿಗೆ ಗೊತ್ತಿತ್ತಲ್ಲ.

ಎರಡು ಗಂಟೆ ಹೊತ್ತಿಗೆ ನನ್ನ ಮಾತು ಮುಗಿಯಿತು. ಆಗ ಅವರು ನನ್ನ ಕೈ ಮೇಲೆ ಕೈ ಇಟ್ಟು ಒಂದೇ ಪದ ಅಂದರು. ‘ಒಹಾಲಾ.’ ಒಳ್ಳೆಯದಾಗಲಿ, ದೇವರು ನಡೆಸಲಿ ಅನ್ನುವ ಹಾಗೆ. ಅದೇ ಹೊತ್ತಿಗೆ ಪಕ್ಕದ ಮನೆಯ ಚಾಚಾ ಫೋನು ಮಾಡಿದರು. ಆಸ್ಪತ್ರೆಯ ಬಾಗಿಲಲ್ಲಿ ಅಣ್ಣನ ಜೊತೆ ರಾತ್ರಿಯೆಲ್ಲ ನಿಂತವರು ಅವರು. ‘ರೋಬೇಡ ಬೇಟಿ, ಇನ್‌ಶಾಅಲ್ಲಾ ಎಲ್ಲಾ ಚಲೋ ಆಗ್ತದ’ ಅಂದರು.

ಮೂರೂವರೆಗೆ ಅಣ್ಣನ ಫೋನು. ಅಪ್ಪ ಕಣ್ಣು ಬಿಟ್ಟರು ಅಂದ. ನಾನು ಸೆನ್ಯೋರಾ ಕಡೆ ನೋಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರಿಗೆ ತಿಳಿಯಿತು. ಎದ್ದು ಅಡುಗೆಮನೆಗೆ ಹೋದರು. ಬಾಗಿಲು ಅರ್ಧ ಹಾಕಿಕೊಂಡು ಅತ್ತರು. ನನ್ನೆದುರು ಅಳಬಾರದು ಅಂತ ಆರೂವರೆ ಗಂಟೆ ತಡೆದುಕೊಂಡಿದ್ದರು.

ನಾನು ಮರಳಿ ಬರುತ್ತೇನೆ ಅಂತ ಹಠ ಮಾಡಿದೆ. ನಾಲ್ಕು ದಿನದ ಮೇಲೆ ಅಪ್ಪನೇ ಫೋನಿನಲ್ಲಿ, ಒಂದೊಂದೇ ಪದ ಹಿಡಿದು, ‘ಕಲ್ತು ಬಾ. ನಾ ಎಲ್ಲೂ ಹೋಗಲ್ಲ’ ಅಂದರು. ಉಳಿದೆ. ಆದರೆ ರೂಮಿನಲ್ಲಿ ಫೋನು ಹಿಡಿದು ಕೂತಿರುತ್ತಿದ್ದೆ. ಸೆನ್ಯೋರಾ ಶಾಲೆಯ ಆ ಪಟ್ಟಿಯನ್ನು ತರಿಸಿಕೊಂಡರು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ದಿನಾ ಸಂಜೆ ಬೆರಳಿಟ್ಟು ತೋರಿಸಿ, ಇವತ್ತು ಇದಕ್ಕೆ ಹೋಗು ಅನ್ನುತ್ತಿದ್ದರು. ವಾಪಸ್ಸು ಬಂದ ಮೇಲೆ ಏನು ನೋಡಿದೆ ಅಂತ ಪೂರ್ತಿ ಹೇಳಬೇಕು. ಊಟ ಆಮೇಲೆ.

ಹೋದೆ. ಮೊದಲು ಹೋದದ್ದು ಒಂದು ಮರದ ಕುಸುರಿ ಕೆಲಸದ ಅಂಗಡಿಗೆ. ಗ್ರನಾಡಾದ ಹಳೇ ಕಸುಬು ಅದು, ತರಸೇಯಾ ಅಂತಾರೆ. ಬೇರೆ ಬೇರೆ ಬಣ್ಣದ ಮರದ ಸಣ್ಣ ಕಡ್ಡಿಗಳು, ಎಲುಬಿನ ಕಡ್ಡಿಗಳು. ಎಲ್ಲವನ್ನೂ ಅಂಟು ಹಾಕಿ ಕಟ್ಟು ಕಟ್ಟುತ್ತಾರೆ. ಕಟ್ಟಿನ ತುದಿ ನೋಡಿದರೆ ನಕ್ಷತ್ರ. ಅದನ್ನು ಅಡ್ಡಕ್ಕೆ ತೆಳ್ಳಗೆ ಕೊಯ್ದರೆ ಒಂದೊಂದು ಬಿಲ್ಲೆಯಲ್ಲೂ ಅದೇ ನಕ್ಷತ್ರ. ಡಬ್ಬಿಯ ಮುಚ್ಚಳಕ್ಕೆ ಒಂದೊಂದಾಗಿ ಕೂಡಿಸುತ್ತಾರೆ. ನಾನು ಫೋಟೊ ತೆಗೆದು ಅಣ್ಣನಿಗೆ ಕಳಿಸಿದೆ. ಅಪ್ಪ ಮಲಗಿದ ಕಡೆಯಿಂದಲೇ ಫೋಟೊ ದೊಡ್ಡದು ಮಾಡಿಸಿ, ಮೂಲೆ ಮೂಲೆ ನೋಡಿದರಂತೆ. ‘ಕೈ ಚಲೋ ಅದ. ನಾವು ಕೊರ್ದು ತುಂಬ್ತೀವಿ, ಇವ್ರು ಕೂಡ್ಸಿ ಕೊಯ್ತಾರ’ ಅಂದರಂತೆ. ಆಸ್ಪತ್ರೆ ಸೇರಿದ ಮೇಲೆ ಅವರು ಆಡಿದ ಮೊದಲ ಉದ್ದ ಮಾತು ಅದು. ಅಣ್ಣ ರೆಕಾರ್ಡ್ ಮಾಡಿ ಕಳಿಸಿದ್ದಾನೆ. ಇನ್ನೂ ನನ್ನ ಫೋನಿನಲ್ಲಿದೆ.

ಅಲ್ಲಿಂದ ಮುಂದೆ ಒಂದು ಕಾರ್ಯಕ್ರಮವನ್ನೂ ಬಿಡಲಿಲ್ಲ. ಆಲೂಗಡ್ಡೆ ತೋರ್ತಿಯಾ ತಿರುವಿ ಹಾಕಲು ಕಲಿತೆ. ಕೊರಿಯಾದ ಹುಡುಗ, ಬ್ರೆಜಿಲ್ಲಿನ ಅಕ್ಕ ಗೆಳೆಯರಾದರು. ಈಸ್ಟರ್ ಮುಂಚಿನ ವಾರ ಮೆರವಣಿಗೆ ನೋಡಿದೆ. ದೊಡ್ಡ ಮೂರ್ತಿಯ ಪೀಠದ ಕೆಳಗೆ, ಪರದೆಯೊಳಗೆ, ಹೊರುವವರು ಸಾಲಾಗಿ ಬಗ್ಗಿರುತ್ತಾರೆ. ಅವರಿಗೆ ದಾರಿ ಕಾಣುವುದಿಲ್ಲ. ಹೊರಗಿನ ಮುಖಂಡನ ಕೂಗು ಕೇಳಿಯೇ ಹೆಜ್ಜೆ ಇಡಬೇಕು. ಒಂದು ಕ್ಲಾಸಿನಲ್ಲಿ ಅರಬ್ಬಿಯಿಂದ ಸ್ಪ್ಯಾನಿಷಿಗೆ ಬಂದ ಪದಗಳ ಪಾಠ ಇತ್ತು. ಮೇಷ್ಟ್ರು ಬೋರ್ಡಿನ ಮೇಲೆ ‘ಒಹಾಲಾ’ ಬರೆದರು. ಅಲ್ಲಾ ಬಯಸಿದರೆ ಅನ್ನುವ ಅರಬ್ಬಿ ಮಾತಿನಿಂದ ಬಂದದ್ದು ಅಂದರು. ಚಾಚಾ ಫೋನಿನಲ್ಲಿ ಹೇಳಿದ್ದೂ ಅದೇ ಅಲ್ವಾ! ಆ ರಾತ್ರಿ ಎರಡು ಊರಿನಿಂದ ನನಗೆ ಒಂದೇ ಹಾರೈಕೆ ಬಂದಿತ್ತು. ಒಹಾಲಾ ಆದ ಮೇಲೆ ಬರುವ ಕ್ರಿಯಾಪದದ ರೂಪ ಬೇರೆ. ಆಸೆ, ಅನುಮಾನ, ಹೆದರಿಕೆ ಹೇಳುವಾಗ ಬಳಸುವ ರೂಪ. ಪುಸ್ತಕದಲ್ಲಿ ಎಷ್ಟು ಓದಿದರೂ ಹತ್ತದ ಆ ಪಾಠ ಅವತ್ತಿನಿಂದ ತಪ್ಪಿಲ್ಲ.

ಮೇ 3ರಂದು ಅಲ್ಲಿ ಶಿಲುಬೆಯ ಹಬ್ಬ. ಅಂಗಳದಲ್ಲಿ, ಚೌಕಗಳಲ್ಲಿ ಹೂವಿನ ಶಿಲುಬೆ ನಿಲ್ಲಿಸುತ್ತಾರೆ. ಸೆನ್ಯೋರಾ ಓಣಿಯವರ ಜೊತೆ ನಾನೂ ಕೆಂಪು ಹೂ ಚುಚ್ಚಿದೆ. ಸುತ್ತ ತಾಮ್ರದ ಕೊಡ, ಕಸೂತಿ ಶಾಲು ಜೋಡಿಸಿದರು. ಕೊನೆಗೆ ಅವರು ಒಂದು ಸೇಬು ತಂದು, ಅದಕ್ಕೆ ಕತ್ತರಿ ಚುಚ್ಚಿ, ಶಿಲುಬೆಯ ಕೆಳಗೆ ಇಟ್ಟರು. ಆ ಸೇಬಿಗೆ ‘ಪೆರೋ’ ಅಂತ ಹೆಸರು. ‘ಪೆರೋ’ ಅಂದರೆ ‘ಆದರೆ’ ಅಂತಲೂ ಅರ್ಥ. ನೋಡಲು ಬಂದವರು ‘ಚೆನ್ನಾಗಿದೆ, ಆದರೆ’ ಅಂತ ಕೊಂಕು ತೆಗೆಯಬಾರದು ಅಂತ ಆ ‘ಆದರೆ’ಯನ್ನೇ ಕತ್ತರಿಸಿ ಇಡುವುದು. ನಮ್ಮಲ್ಲಿ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತೇವೆ ಅಂತ ಹೇಳಿದೆ. ಮರುದಿನ ನೋಡಿದರೆ ಅವರ ಬಾಗಿಲಲ್ಲಿ ಒಂದು ನಿಂಬೆಹಣ್ಣು, ಎರಡು ಮೆಣಸಿನಕಾಯಿ. ನಿನ್ನ ಅಪ್ಪನಿಗೆ ಅಂದರು.

ಆ ತಿಂಗಳ ಕೊನೆಗೆ ಶಾಲೆಯಲ್ಲಿ ನಮ್ಮ ನಮ್ಮ ಊರಿನ ಬಗ್ಗೆ ಮಾತಾಡುವ ಸಂಜೆ ಇತ್ತು. ನಾನು ಬಿದ್ರಿ ಬಗ್ಗೆ ಮಾತಾಡಿದೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುವುದು, ಉಳಿಯಿಂದ ಕೊರೆದು ಬೆಳ್ಳಿ ತುಂಬುವುದು, ಕೊನೆಗೆ ಬೀದರ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಹಚ್ಚುವುದು. ಆ ಮಣ್ಣಿಗೆ ಲೋಹ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಸಂಜೆ ಆರಕ್ಕೆ ಅಪ್ಪ ವೀಡಿಯೊದಲ್ಲಿ ಬಂದರು. ಬೀದರಿನಲ್ಲಿ ರಾತ್ರಿ ಒಂಬತ್ತೂವರೆ. ಆಗಿನ್ನೂ ಜಾಸ್ತಿ ಹೊತ್ತು ಕೂರುವ ಹಾಗಿರಲಿಲ್ಲ. ಐದೇ ನಿಮಿಷ. ಕೊರೆದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಿ, ಸಣ್ಣ ಸುತ್ತಿಗೆಯಿಂದ ಬಡಿದರು. ಟಕ್ ಟಕ್ ಟಕ್. ಹಾಲಿನಲ್ಲಿ ಅದೊಂದೇ ಸದ್ದು. ತರಸೇಯಾ ಕಸುಬಿನವರೂ ಬಂದಿದ್ದರು. ತಂತಿ ಯಾಕೆ ಕೀಳುವುದಿಲ್ಲ, ಅಂಟು ಹಾಕಿದ್ದೀರಾ ಅಂತ ಕೇಳಿದರು. ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ‘ಅಂಟಿಲ್ಲ. ಏಟಿಗೇ ಕಚ್ಚಿ ಹಿಡೀತದ’ ಅಂದರು. ಅದನ್ನು ಸ್ಪ್ಯಾನಿಷಿಗೆ ತಂದೆ. ದುಭಾಷಿಯಾಗಿ ನಾನು ಮಾಡಿದ ಮೊದಲ ಕೆಲಸ ಅದು. ಮುಂದಿನ ಸಾಲಿನಲ್ಲಿ ಸೆನ್ಯೋರಾ ಕೂತಿದ್ದರು. ಎದ್ದು ನಿಂತು, ಫೋನಿನ ಕಡೆ ಕೈ ಬೀಸಿ, ‘ಅಪ್ಪ!’ ಅಂತ ಕೂಗಿದರು. ಅಪ್ಪ ಸುತ್ತಿಗೆ ಇಟ್ಟು ಎರಡೂ ಕೈ ಮುಗಿದರು.

ನವೆಂಬರಿನಲ್ಲಿ ದೆಹಲಿಗೆ ಹೋಗಿ ಪರೀಕ್ಷೆ ಬರೆದೆ. ಓದು, ಬರಹ ಒಂದು ಗುಂಪು. ಕೇಳುವುದು, ಮಾತಾಡುವುದು ಇನ್ನೊಂದು. ಎರಡರಲ್ಲೂ 50ಕ್ಕೆ 30 ಬರಲೇಬೇಕು. ಒಂದರಲ್ಲಿ ಜಾಸ್ತಿ ಬಂದರೂ ಇನ್ನೊಂದರ ಕೊರತೆ ತುಂಬುವುದಿಲ್ಲ. ನಾನು ಮೊದಲಿನ ಲೆಕ್ಕದಲ್ಲೇ ರೂಮಿನಲ್ಲಿ ಕೂತು ಓದಿದ್ದರೆ ಎರಡನೇ ಗುಂಪಿನಲ್ಲಿ ಉಳಿದುಬಿಡುತ್ತಿದ್ದೆ. ಅದು ನನಗೆ ಖಚಿತ. ಹೊರದೇಶಕ್ಕೆ ಭಾಷೆ ಕಲಿಯಲು ಹೊರಟ ನಮ್ಮ ಕಡೆಯ ಹುಡುಗರು ಯಾರಾದರೂ ಇದನ್ನು ಓದುತ್ತಿದ್ದರೆ, ಗೋಡೆಯ ಮೇಲಿನ ಆ ಪಟ್ಟಿಗೆ ಮೊದಲ ದಿನವೇ ಹೆಸರು ಬರೆಸಿ. ನಾನು ಒಂದು ತಿಂಗಳು ಕಳಕೊಂಡೆ.

ಫಲಿತಾಂಶ ಬಂದ ಕೂಡಲೇ ಸೆನ್ಯೋರಾಗೆ ಫೋನು ಮಾಡಿದೆ. ‘ಆಪ್ತೋ’ ಅಂದೆ. ಅವರು ಖುಷಿಯಿಂದ ಏನೇನೋ ಜೋರಾಗಿ ಹೇಳಿದರು, ‘ಸ’ ಎಲ್ಲ ನುಂಗಿ. ಎಲ್ಲವೂ ತಿಳಿಯಿತು. ಆಮೇಲೆ ದನಿ ಇಳಿಸಿ ಕೇಳಿದರು. ಅಪ್ಪ ಊಟ ಮಾಡುತ್ತಾರಾ? ರಾತ್ರಿ ನಿದ್ದೆ ಬರುತ್ತದಾ?

ಅಪ್ಪ ಈಗ ದಿನಾ ಎರಡು ಗಂಟೆ ಕೆಲಸಕ್ಕೆ ಕೂರುತ್ತಾರೆ. ಅವರ ಕೈಯಲ್ಲಿರುವುದು ಒಂದು ಸಣ್ಣ ಡಬ್ಬಿ, ಸೆನ್ಯೋರಾಗೆ. ಮುಚ್ಚಳದ ಮೇಲೆ ಎಂಟು ಮೂಲೆಯ ನಕ್ಷತ್ರ, ನಾನು ಕಳಿಸಿದ ಫೋಟೊ ನೋಡಿ ಬರೆದದ್ದು. ಬೆಳ್ಳಿ ತುಂಬಿ ಆಯಿತು, ಇನ್ನೂ ಕಪ್ಪು ಹತ್ತಿಲ್ಲ. ಕೋಟೆ ಮಣ್ಣು ತರಲು ನಾಳೆ ಚಾಚಾ ಹೋಗುತ್ತಾರೆ.