ಮುಂಗಾರಿಗೆ ಮೊದಲು ಹರಗೋಲುಗಳನ್ನೂ ನೋಡಿ

ಮಾನ್ಯ ಸಂಪಾದಕರೇ,

ನನ್ನದೊಂದು ಗೂಡ್ಸ್ ಟೆಂಪೊ ಇದೆ. ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎನ್ನುವ ಪ್ರಮಾಣಪತ್ರ) ಅವಧಿ ಮುಗಿದಿದ್ದರೆ ಒಂದು ಚೀಲ ತೊಗರಿಯನ್ನೂ ಹೇರಿಕೊಂಡು ರಸ್ತೆಗಿಳಿಯುವಂತಿಲ್ಲ. ಬ್ರೇಕು, ಲೈಟು, ಟೈರು ಎಲ್ಲ ನೋಡಿಯೇ ಬಿಡುತ್ತಾರೆ. ನೋಡಲೇಬೇಕು. ಆದರೆ ನಮ್ಮೂರ ಭೀಮಾ ದಂಡೆಯಿಂದ ಹೆಣ್ಣುಮಕ್ಕಳು, ಶಾಲೆ ಹುಡುಗರು, ರೇಷನ್ ಚೀಲ, ಕೆಲವು ಸಲ ಬೈಕನ್ನೂ ಹೊತ್ತು ಆಚೆ ದಡಕ್ಕೆ ಹೋಗುವ ಹರಗೋಲನ್ನು ಯಾರೂ ಬಂದು ನೋಡಿದ್ದಿಲ್ಲ.

ಮಹಾರಾಷ್ಟ್ರದ ಉಜನಿ, ವೀರ್ ಜಲಾಶಯಗಳಿಂದ ಜಾಸ್ತಿ ನೀರು ಬಿಟ್ಟರೆ ಅಫಜಲಪುರ ತಾಲ್ಲೂಕಿನ ತಗ್ಗು ಸೇತುವೆಗಳು ಮುಳುಗುತ್ತವೆ. 2020ರ ಅಕ್ಟೋಬರ್ ನೆರೆ ಯಾರೂ ಮರೆತಿಲ್ಲ. ನೀರು ಸ್ವಲ್ಪ ಇಳಿದ ಕೂಡಲೇ ಜನ ಹರಗೋಲು ಹತ್ತುತ್ತಾರೆ. ಹೊಲ ಆಚೆ ದಡದಲ್ಲಿದೆ, ಹೋಗದೆ ಏನು ಮಾಡಬೇಕು?

ಹರಗೋಲು ಅಂದರೆ ಬಿದಿರಿನ ಹೆಣಿಗೆ, ಅದಕ್ಕೆ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಬೇಸಿಗೆ ಬಿಸಿಲಿಗೆ ಡಾಂಬರು ಬಿರುಕು ಬಿಡುತ್ತದೆ. ಒಳಗೆ ನೀರು ಕುಡಿದು ಬಿದಿರು ಕೊಳೆಯುತ್ತದೆ. ಮೇಲಿಂದ ಏನೂ ಗೊತ್ತಾಗುವುದಿಲ್ಲ. ದಂಡೆ ಮೇಲೆ ಬೋರಲು ಹಾಕಿ, ಕೆಳಗೆ ತಲೆ ತೂರಿಸಿ ನೋಡಿದರೆ ತೂತಿದ್ದ ಕಡೆ ಬೆಳಕು ಕಾಣುತ್ತದೆ. ಅಂಚಿನ ಬಿದಿರನ್ನು ಹೆಬ್ಬೆರಳಿನಿಂದ ಒತ್ತಿದರೆ ಮೆತ್ತಗಾಗಿದೆಯೋ ಇಲ್ಲವೋ ತಿಳಿಯುತ್ತದೆ. ಹೊರಮೈಗೆ ಬಿಳಿ ಬಣ್ಣದ ಒಂದು ಗೆರೆ ಎಳೆದುಬಿಟ್ಟರೆ, ನೀರು ಆ ಗೆರೆ ಮುಟ್ಟಿದ ಮೇಲೆ ಇನ್ನೊಬ್ಬರನ್ನು ಹತ್ತಿಸಬಾರದು ಎಂದು ಓದು ಬಾರದವರಿಗೂ ಅರ್ಥವಾಗುತ್ತದೆ. ಈಗ ಅಂಚಿಗೆ ನಾಲ್ಕು ಬೆರಳು ಉಳಿಯುವವರೆಗೂ ಹತ್ತಿಸುತ್ತಾರೆ.

ನಮ್ಮಲ್ಲಿ ಲೈಫ್ ಜಾಕೆಟ್‌ಗಳು ಇಲ್ಲವೆಂದಲ್ಲ. ಗುಡಿಯ ಮೂಲೆಯಲ್ಲಿ ಗೋಣಿಚೀಲದೊಳಗೆ ಬಿದ್ದಿವೆ. ತೆಗೆದು ನೋಡಿದೆ. ಬಕಲ್ ಮುರಿದಿವೆ, ಪಟ್ಟಿ ಇಲಿ ಕಡಿದಿದೆ, ಮಕ್ಕಳ ಅಳತೆಯದು ಒಂದೂ ಇಲ್ಲ. 2024ರ ಜನವರಿಯಲ್ಲಿ ವಡೋದರದ ಹರಣಿ ಕೆರೆಯಲ್ಲಿ ದೋಣಿ ಮಗುಚಿ 12 ಮಕ್ಕಳು, 2 ಶಿಕ್ಷಕಿಯರು ತೀರಿಕೊಂಡರು. ಅಲ್ಲಿಯೂ ಮಿತಿ ಮೀರಿ ಜನರನ್ನು ಹತ್ತಿಸಿದ್ದರು, ಎಷ್ಟೋ ಮಕ್ಕಳಿಗೆ ಜಾಕೆಟ್ ಇರಲಿಲ್ಲ. ಅದು ನಿಂತ ನೀರು. ನಮ್ಮದು ಹರಿಯುವ ಹೊಳೆ.

ಕಾನೂನು ಇಲ್ಲ ಎನ್ನುವಂತಿಲ್ಲ. 1917ರ ಹಳೆಯ ಕಾಯ್ದೆ ಹೋಗಿ 2021ರಲ್ಲಿ ಒಳನಾಡು ಜಲಯಾನಗಳ ಹೊಸ ಕಾಯ್ದೆ ಬಂದಿದೆ. ಎಂಜಿನ್ ದೋಣಿಗಳ ನೋಂದಣಿ, ತಪಾಸಣೆ ಅದರಲ್ಲಿದೆ. ಎಂಜಿನ್ ಇಲ್ಲದವುಗಳ ಬಗ್ಗೆಯೂ ಹೇಳಿದೆ, ಆ ಕೆಲಸವನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಲು ಅವಕಾಶ ಕೊಟ್ಟಿದೆ. ಹಾಗಿದ್ದರೆ ಗ್ರಾಮ ಪಂಚಾಯಿತಿಯೇ ಮಾಡಬಹುದು ಅಲ್ವಾ?

ಒಂದು ಮಾತು ಮಾತ್ರ. ಸುಮ್ನೆ ಅಂಬಿಗರ ಮೇಲೆ ದಂಡ ಹಾಕಿ ಹರಗೋಲು ಕಿತ್ತುಕೊಂಡು ಹೋಗಬೇಡಿ. ಅವರು ಬಡವರು. ಹರಗೋಲು ಇಲ್ಲದಿದ್ದರೆ ಜನ ಟ್ರ್ಯಾಕ್ಟರ್ ಟ್ಯೂಬು ಹಿಡಿದು ದಾಟುತ್ತಾರೆ. ಕೆಟ್ಟ ಹರಗೋಲಿನ ರಿಪೇರಿಗೆ ಪಂಚಾಯಿತಿಯಿಂದಲೇ ಹಣ ಕೊಡಿ, ಜಾಕೆಟ್‌ಗಳನ್ನೂ ಕೊಡಿಸಿ. ಪ್ರತಿ ವರ್ಷ ಮೇ ಕೊನೆಯೊಳಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಅಗ್ನಿಶಾಮಕ ಠಾಣೆಯವರು, ಊರಿನ ಒಬ್ಬ ಹಿರಿಯ ಅಂಬಿಗ ಕೂಡಿ ಪ್ರತಿ ದಂಡೆಗೂ ಬಂದು ಪರೀಕ್ಷಿಸುವಂತೆ ಕಲಬುರಗಿ, ಯಾದಗಿರಿ ಜಿಲ್ಲಾಧಿಕಾರಿಗಳು ಆದೇಶ ಹೊರಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

— ಒಬ್ಬ ಟೆಂಪೊ ಮಾಲೀಕ, ಅಫಜಲಪುರ ತಾಲ್ಲೂಕು, ಕಲಬುರಗಿ ಜಿಲ್ಲೆ